ಹುಟ್ಟಿನ ಲೆಕ್ಕ, ಬಾಳಿನ ಲೆಕ್ಕ: ಥರೋಬ್ರೆಡ್ ಕುದುರೆ ಮತ್ತು ನಮ್ಮ ನಾಡು



ಈ ವರ್ಷದ ಉಪನ್ಯಾಸಕ್ಕೆ ಓಟದ ಕುದುರೆಯನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ಬೆಂಗಳೂರಿನ ನಮ್ಮ ಪೇಟೆಯ ಮನೆಗಳಲ್ಲಿ ರೇಸ್ ಎನ್ನುವುದು ದನಿ ತಗ್ಗಿಸಿ ಆಡುವ ಮಾತು. ಯಾರೋ ಅಂಗಡಿ ಕಳೆದುಕೊಂಡರು, ಯಾರೋ ಮನೆಯಾಕೆಯ ಬಳೆ ಒತ್ತೆಯಿಟ್ಟು ಜಾಕ್‌ಪಾಟ್ ಆಡಿದರು, ಯಾರೋ ಮಧ್ಯಾಹ್ನ ಗಲ್ಲಾಪೆಟ್ಟಿಗೆಯಿಂದ ಹಣ ತೆಗೆದುಕೊಂಡು ರೇಸ್‌ಕೋರ್ಸಿನ ದಾರಿಯ ಆನಂದರಾವ್ ಸರ್ಕಲ್ ಕಡೆಗೆ ನಡೆದುಬಿಟ್ಟರು. ಇಂಥ ಕತೆ ಇಲ್ಲದ ಬೀದಿ ಇಲ್ಲಿಲ್ಲ. ಆ ಕತೆಗಳು ಸುಳ್ಳಲ್ಲ, ಅವುಗಳ ನೋವನ್ನು ನಾನು ಕಿರಿದು ಮಾಡಿ ಹೇಳುವುದೂ ಇಲ್ಲ. ಆದರೆ ಅವೆಲ್ಲ ಮನುಷ್ಯರ ಕತೆಗಳು. ಪಶುವೈದ್ಯನಾಗಿ ಬಾಳಿನ ಬಹುಪಾಲನ್ನು ಕುದುರೆಯ ಕಾಲು, ಗೊರಸು, ಹೊಟ್ಟೆ ನೋಡುತ್ತ ಕಳೆದವನು ನಾನು. ಇಂದು ಹೇಳಬೇಕೆಂದಿರುವುದು ಆ ಪ್ರಾಣಿಯ ಕತೆ.

ಶೇಷಾದ್ರಿ ರಸ್ತೆಗೂ ರೇಸ್‌ಕೋರ್ಸ್ ರಸ್ತೆಗೂ ನಡುವಿನ ಮೈದಾನದಲ್ಲಿ 1920ರ ದಶಕದ ಆರಂಭದಿಂದ ಕುದುರೆಗಳು ಓಡುತ್ತಿವೆ. ಮೈಸೂರಿನ ರೇಸ್ ಕ್ಲಬ್ ಇನ್ನೂ ಹಳೆಯದು, 1891ರದು. ಬೆಂಗಳೂರಿನಲ್ಲಿ ಬೇಸಿಗೆಯ ಕೊನೆಗೆ ಒಂದು ಋತು, ಚಳಿಗಾಲದಲ್ಲಿ ಇನ್ನೊಂದು. ನಡುವೆ ದಸರೆಯ ಆಸುಪಾಸಿಗೆ ಮೈಸೂರು. ಪೇಟೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿ ಇಷ್ಟು ಕಾಲ ಈ ಕುದುರೆಗಳು ಇದ್ದರೂ, ಇವು ಎಲ್ಲಿಂದ ಬಂದವು, ಯಾರು ಇವುಗಳ ಹಿರಿಯರು, ಓಟ ಮುಗಿದ ಮೇಲೆ ಎಲ್ಲಿಗೆ ಹೋಗುತ್ತವೆ ಎಂದು ನಮ್ಮಲ್ಲಿ ಕೇಳಿದವರು ಕಡಿಮೆ.

ಮೊದಲ ಪ್ರಶ್ನೆಗೆ ಉತ್ತರ ಒಂದು ಪುಸ್ತಕದಲ್ಲಿದೆ. ಚಿಕ್ಕಪೇಟೆಯವರಿಗೆ ಅದನ್ನು ವಿವರಿಸುವುದು ಸುಲಭ. ನಮ್ಮ ಹಳೆಯ ಜವಳಿ ಅಂಗಡಿಗಳಲ್ಲಿ ದಿನದ ವ್ಯವಹಾರ ಕಿರ್ದಿಗೆ ಏರಿ, ಅಲ್ಲಿಂದ ಆಯಾ ಗಿರಾಕಿಯ ಹೆಸರಿನ ಖಾತೆಗೆ ಹೋಗುತ್ತಿತ್ತು. ಅಜ್ಜನ ಕಾಲದ ಬಾಕಿ ಮೊಮ್ಮಗನ ಕಾಲದಲ್ಲೂ ಅದೇ ಪುಟದಲ್ಲಿ ಸಿಗುತ್ತಿತ್ತು. ಜೇಮ್ಸ್ ವೆದರ್ಬಿ 1791ರಲ್ಲಿ ಲಂಡನ್ನಿನಲ್ಲಿ ಹೊರತಂದ ಜನರಲ್ ಸ್ಟಡ್ ಬುಕ್ ಅಂಥ ಒಂದು ಖಾತೆ. ತಾಯಿ ಕುದುರೆಯ ಹೆಸರಿಗೆ ಒಂದು ನಮೂದು, ಅದರ ಕೆಳಗೆ ಯಾವ ವರ್ಷ ಯಾವ ಗಂಡಿನಿಂದ ಯಾವ ಬಣ್ಣದ ಮರಿ ಹುಟ್ಟಿತು ಎಂಬ ಸಾಲುಗಳು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಥರೋಬ್ರೆಡ್ ಎಂಬ ಈ ಓಟದ ತಳಿಯ ಕುದುರೆ ಓಡಿದರೂ ಅದರ ಹಿರಿಯರನ್ನು ಹಿಡಿದು ಹಿಂದೆ ಹಿಂದೆ ನಡೆದರೆ ನೀವು ತಲುಪುವುದು ಆ ಪುಸ್ತಕವನ್ನೇ. ನಮ್ಮ ದೇಶದಲ್ಲಿ ಈ ಲೆಕ್ಕ ಇಡುವುದು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ. ಡಿಎನ್‌ಎ ಪರೀಕ್ಷೆಯಿಂದ ತಂದೆತಾಯಿ ಖಚಿತವಾಗದೆ ಮರಿಯ ಹೆಸರು ಅದರಲ್ಲಿ ಏರುವುದಿಲ್ಲ. ನಮ್ಮ ಹಳ್ಳಿಯ ಹಸುಗಳಿಗೆ ಇಂದು ಕಡ್ಡಿ ಹಾಕಿಸುವುದೇ ವಾಡಿಕೆ; ಥರೋಬ್ರೆಡ್‌ಗೆ ಕೃತಕ ಗರ್ಭಧಾರಣೆ ಇಂದಿಗೂ ನಿಷಿದ್ಧ. ಗಂಡು ಹೆಣ್ಣು ನೇರವಾಗಿ ಕೂಡಿದ್ದರೆ ಮಾತ್ರ ಮರಿಗೆ ಪುಸ್ತಕದಲ್ಲಿ ಜಾಗ.

ತಳಿಯ ಮೂಲಪುರುಷರು ಮೂವರು ಎಂಬುದು ಪ್ರಸಿದ್ಧ. ಕ್ಯಾಪ್ಟನ್ ಬೈಯರ್ಲಿ 1690ರ ಬಾಯ್ನ್ ಕಾಳಗಕ್ಕೆ ಏರಿಹೋದ ಬೈಯರ್ಲಿ ಟರ್ಕ್. ಥಾಮಸ್ ಡಾರ್ಲಿ 1704ರಲ್ಲಿ ಸಿರಿಯಾದ ಅಲೆಪ್ಪೊದಿಂದ ಕಳಿಸಿದ ಡಾರ್ಲಿ ಅರೇಬಿಯನ್. ಸ್ವಲ್ಪ ಕಾಲದ ಮೇಲೆ ಬಂದು 1753ರಲ್ಲಿ ತೀರಿಕೊಂಡ ಗೊಡಾಲ್ಫಿನ್ ಅರೇಬಿಯನ್. ಡಾರ್ಲಿ ಅರೇಬಿಯನ್ನನ ನಾಲ್ಕನೆಯ ತಲೆಮಾರಿನಲ್ಲಿ, 1764ರ ಸೂರ್ಯಗ್ರಹಣದ ವರ್ಷ ಹುಟ್ಟಿದ ಗಂಡುಮರಿಗೆ ಎಕ್ಲಿಪ್ಸ್ ಎಂದೇ ಹೆಸರಿಟ್ಟರು. 18 ಓಟ ಓಡಿ ಒಂದನ್ನೂ ಸೋಲದ ಕುದುರೆ ಅದು. 1789ರಲ್ಲಿ ಅದು ಸತ್ತಾಗ ಫ್ರಾನ್ಸಿನಿಂದ ಬಂದಿದ್ದ ಪಶುವೈದ್ಯ ಸೇಂಟ್ ಬೆಲ್ ಅದರ ದೇಹವನ್ನು ಛೇದಿಸಿ, ಎಲುಬುಗಳನ್ನು ಅಳೆದು, ಇಷ್ಟು ವೇಗ ಎಲ್ಲಿಂದ ಬಂತೆಂದು ಹುಡುಕಿದ. ಎರಡು ವರ್ಷದ ಮೇಲೆ ಲಂಡನ್ನಿನ ಪಶುವೈದ್ಯ ಕಾಲೇಜು ಆರಂಭವಾದಾಗ ಅವನೇ ಅದರ ಮೊದಲ ಮುಖ್ಯಸ್ಥ. ಅದು ಸ್ಟಡ್ ಬುಕ್ ಹೊರಬಂದ 1791ನೆಯ ಇಸವಿಯೇ ಎಂಬುದು ನನ್ನ ವೃತ್ತಿಯವರಿಗೆ ಹೆಮ್ಮೆಯ ಸಂಗತಿ. ಕುದುರೆಯ ವಂಶದ ಲೆಕ್ಕವೂ ಅದರ ಮೈಯ ವಿಜ್ಞಾನವೂ ಆ ದೇಶದಲ್ಲಿ ಜೊತೆಯಲ್ಲೇ ಹೆಜ್ಜೆ ಹಾಕಿದವು.

ಆ ಪುಸ್ತಕಕ್ಕೆ ಇನ್ನೂರು ವರ್ಷ ತುಂಬಿದ ಮೇಲೆ ವಂಶವಾಹಿಗಳ ಅಧ್ಯಯನ ಬಂತು. ಡಬ್ಲಿನ್ನಿನ ಪ್ಯಾಟ್ರಿಕ್ ಕನ್ನಿಂಗ್‌ಹ್ಯಾಮ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಂದಿನ ಗಂಡು ಥರೋಬ್ರೆಡ್‌ಗಳಲ್ಲಿ ನೂರಕ್ಕೆ 95ರ ಗಂಡುಸಾಲು ಒಂದೇ ಒಂದು ಹಿರಿಯನಿಗೆ, ಡಾರ್ಲಿ ಅರೇಬಿಯನ್ನಿಗೆ, ಮುಟ್ಟುತ್ತದೆ. ಕೇವಲ 10 ತಾಯಿ ಕುದುರೆಗಳಿಂದ ನೂರಕ್ಕೆ 72 ಹೆಣ್ಣುಸಾಲುಗಳು ಇಳಿದಿವೆ. ಬಹಳ ಇಕ್ಕಟ್ಟಾದ ವಂಶ ಇದು. ಜನ ಇದನ್ನು ಶುದ್ಧ ಅರಬ್ಬಿ ರಕ್ತ ಎಂದು ಕೊಂಡಾಡುತ್ತಾರೆ. ನಾನು ಒಪ್ಪುವುದಿಲ್ಲ. ಎಮ್ಮೆಲೀನ್ ಹಿಲ್ ಅವರ ತಂಡ 2010ರಲ್ಲಿ ಸ್ನಾಯುಗಳ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಮಯೋಸ್ಟಾಟಿನ್ ಎಂಬ ವಂಶವಾಹಿಗೂ ಕುದುರೆ ಯಾವ ದೂರಕ್ಕೆ ಒಗ್ಗುತ್ತದೆ ಎಂಬುದಕ್ಕೂ ನಂಟಿದೆ ಎಂದು ತೋರಿಸಿತು. ಅದರ ಒಂದು ರೂಪ ಇದ್ದರೆ ಸಾವಿರ, ಸಾವಿರದಿನ್ನೂರು ಮೀಟರಿನ ಮಿಂಚಿನ ಓಟ. ಇನ್ನೊಂದು ರೂಪ ಇದ್ದರೆ ದೂರದ ಓಟ. 2012ರ ಅಧ್ಯಯನ ಇನ್ನೂ ಮುಂದೆ ಹೋಯಿತು: ಆ ಮಿಂಚಿನ ವೇಗದ ರೂಪ ತಳಿಗೆ ಬಂದದ್ದು ಅರಬ್ಬಿ ಗಂಡಿನಿಂದಲ್ಲ, ಸುಮಾರು ಮುನ್ನೂರು ವರ್ಷಗಳ ಹಿಂದೆ ಬ್ರಿಟನ್ನಿನಲ್ಲೇ ಇದ್ದ ಸ್ಥಳೀಯ ಹೆಣ್ಣು ಕುದುರೆಯೊಂದರಿಂದ ಎಂದು ಅದರ ಕರ್ತೃಗಳು ತೀರ್ಮಾನಿಸಿದರು. ಚಿತ್ರ ಬರೆಸಿಕೊಂಡದ್ದು, ಕಂಚಿನ ಪ್ರತಿಮೆಯಾದದ್ದು ಗಂಡು ಕುದುರೆಗಳು. ಹೆಸರೂ ಉಳಿಯದ ಒಬ್ಬ ತಾಯಿಯ ಕೊಡುಗೆ ಮಾತ್ರ ಇಂದು ನಮ್ಮ ಬೆಂಗಳೂರಿನ ಟ್ರ್ಯಾಕಿನಲ್ಲೂ ಓಡುತ್ತಿದೆ. ವಂಶದ ಹೆಮ್ಮೆ ಕುದುರೆಯದಾಗಲಿ, ಮನುಷ್ಯನದಾಗಲಿ, ಈ ಸಂಗತಿಯನ್ನು ಅರಗಿಸಿಕೊಂಡು ಮಾತಾಡಬೇಕು ಎಂದು ನನ್ನ ಅನಿಸಿಕೆ.

ಈಗ ಆ ಮೈಯನ್ನು ನೋಡೋಣ. ಸುಮ್ಮನೆ ನಿಂತಾಗ ಈ ಕುದುರೆಯ ಎದೆ ನಿಮಿಷಕ್ಕೆ ಮೂವತ್ತು ಮೂವತ್ತೈದು ಬಾರಿ ಬಡಿಯುತ್ತದೆ. ಓಟದ ಕೊನೆಯಲ್ಲಿ ಅದು 220 ದಾಟುತ್ತದೆ. ಹೊಟ್ಟೆಯೊಳಗಿನ ಗುಲ್ಮ ಕೆಂಪು ರಕ್ತಕಣಗಳ ಉಗ್ರಾಣ. ಓಟ ಶುರುವಾದೊಡನೆ ಅದು ಕುಗ್ಗಿ ಕಣಗಳನ್ನು ಹೊರಗೆ ಸುರಿಯುತ್ತದೆ, ರಕ್ತದಲ್ಲಿ ಅವುಗಳ ಪಾಲು ನೂರಕ್ಕೆ 40ರಿಂದ 60ರ ಮೇಲಕ್ಕೆ ಏರುತ್ತದೆ. ಬಾಯಿಂದ ಉಸಿರಾಡಲು ಕುದುರೆಗೆ ಬಾರದು, ಮೂಗೊಂದೇ ದಾರಿ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು. ಕಾಲು ಚಾಚಿದಾಗ ಒಳಗೆ, ಮಡಚಿದಾಗ ಹೊರಗೆ. ಹೀಗೆ ಐನೂರು ಕಿಲೋ ತೂಕದ ಮೈ ಗಂಟೆಗೆ 60 ಕಿಲೋಮೀಟರಿನ ಮೇಲೆ ಹಾರುತ್ತದೆ. ಆ ಹೊತ್ತಿನಲ್ಲಿ ಒಂದೊಂದು ಗಳಿಗೆ ಇಡೀ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ, ಅದೂ ತೂಕದ ಎರಡು ಪಟ್ಟಿಗಿಂತ ಹೆಚ್ಚಿನ ಬಲದಲ್ಲಿ. ಮೊಣಕಾಲಿನಿಂದ ಕೆಳಗೆ ಮಾಂಸಖಂಡವೇ ಇಲ್ಲ. ಎಲುಬು, ಸ್ನಾಯುರಜ್ಜು, ಚರ್ಮ, ಗೊರಸು, ಇಷ್ಟೇ. ಅಲ್ಲಿ ರಕ್ತ ಹರಿಯುವುದೂ ಕಡಿಮೆ. ಆದ್ದರಿಂದ ರಜ್ಜು ಹರಿದರೆ ಕೂಡಿಕೊಳ್ಳಲು ಒಂದು ವರ್ಷ ಹಿಡಿಯಬಹುದು, ಹಲವೊಮ್ಮೆ ಹಿಂದಿನಂತೆ ಕೂಡುವುದೇ ಇಲ್ಲ. ಮುನ್ನೂರು ವರ್ಷ ನಾವು ಆರಿಸಿ ಆರಿಸಿ ಎದೆಯನ್ನೂ ತೊಡೆಯನ್ನೂ ಬೆಳೆಸಿದೆವು. ಕಾಲು ಅಷ್ಟು ಬೆಳೆಯಲಿಲ್ಲ. ಎರಡನೆಯ ವರ್ಷದಲ್ಲೇ, ಎಲುಬು ಇನ್ನೂ ಗಟ್ಟಿಯಾಗುತ್ತಿರುವಾಗಲೇ, ಓಟಕ್ಕೆ ಇಳಿಸುತ್ತೇವೆ. ಈ ತಳಿಗೆ ಮನುಷ್ಯ ಸಲ್ಲಿಸಬೇಕಾದ ಋಣ ಇಲ್ಲಿಂದ ಶುರುವಾಗುತ್ತದೆ.

ನಮ್ಮ ನಾಡಿಗೆ ಕುದುರೆ ಹೊಸದಲ್ಲ, ಆದರೆ ಸುಲಭವಾಗಿ ಒಲಿದದ್ದೂ ಅಲ್ಲ. ಐಹೊಳೆಯ ಐನೂರ್ವರಂಥ ವರ್ತಕ ಸಂಘಗಳು ಕುದುರೆ ಮಾರಿದವು. ವಿಜಯನಗರದ ಕಾಲಕ್ಕೆ ಹೊನ್ನಾವರ, ಭಟ್ಕಳ, ಗೋವೆಯ ರೇವುಗಳಲ್ಲಿ ಅರಬ್ಬಿ, ಪಾರಸಿ ಕುದುರೆಗಳು ಇಳಿಯುತ್ತಿದ್ದವು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಬರಹಗಾರ ಫೆರ್ನಾವೊ ನೂನಿಜ್, ವಿಜಯನಗರದ ಅರಸ ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದ ಎಂದು ಬರೆದಿದ್ದಾನೆ. ಅದಕ್ಕೂ ಹಿಂದಿನ ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಸಂಗತಿ ಇನ್ನೂ ಬೆರಗಿನದು. ಸಮುದ್ರದ ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅರಸ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ವ್ಯಾಪಾರಿಗಳು ಬೇರೆ ದರಬಾರಿಗೆ ತಿರುಗದಿರಲಿ ಎಂಬ ರಾಜಕಾರಣ ಅದು. ಒಂದು ಸಾಮ್ರಾಜ್ಯದ ಬೊಕ್ಕಸ ಸತ್ತ ಕುದುರೆಯ ಬಾಲಕ್ಕೂ ಹಣ ತೆರಬೇಕಾಗಿತ್ತು ಎಂದರೆ, ನಮ್ಮ ನೆಲದಲ್ಲಿ ಒಳ್ಳೆಯ ಕುದುರೆ ಬೆಳೆಸುವುದು ಎಷ್ಟು ಕಷ್ಟವಿತ್ತು ಎಂದು ಊಹಿಸಿ.

ಕಷ್ಟಕ್ಕೆ ಕಾರಣ ಹವೆಯಷ್ಟೇ ಅಲ್ಲ, ಮೇವು ಕೂಡ. ಬೆಳೆಯುವ ಮರಿಗೆ ಸುಣ್ಣದ ಅಂಶ ಹೇರಳವಾಗಿ ಬೇಕು. ಬರಿಯ ತವುಡು, ಧಾನ್ಯ ತಿನ್ನಿಸಿದರೆ ರಂಜಕ ಹೆಚ್ಚಿ ಸುಣ್ಣ ಕರಗುತ್ತದೆ, ಮುಖದ ಎಲುಬು ಉಬ್ಬಿ ತಲೆ ದಪ್ಪವಾಗುವ ರೋಗ ಬರುತ್ತದೆ. ಆ ರೋಗದ ಜಟಕಾ ಕುದುರೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ತರಗುಪೇಟೆಯ ಹುರುಳಿ ಬೇಯಿಸಿ ಹಾಕಿದರೆ ಕುದುರೆಗೆ ಶಕ್ತಿ ಬರುತ್ತದೆ ಎಂದು ಗಾಡಿಯವರು ನಂಬಿದ್ದು ತಪ್ಪಲ್ಲ. ಆದರೆ ಜೊತೆಗೆ ಹಸಿರು ಬೇಕು, ಹುಲ್ಲು ಬೇಕು, ಕುದುರೆಮಸಾಲೆ ಸೊಪ್ಪು ಬೇಕು, ಓಡಾಡಲು ಬಯಲು ಬೇಕು. ಕನ್ನಡದಲ್ಲಿ ಅಭಿನವಚಂದ್ರ ಸುಮಾರು ಆರುನೂರು ವರ್ಷದ ಹಿಂದೆಯೇ ಅಶ್ವವೈದ್ಯದ ಗ್ರಂಥ ಬರೆದ. ಈ ನಾಡಿನಲ್ಲಿ ಕುದುರೆಯ ವಿದ್ಯೆ ಇತ್ತು. ಇಲ್ಲದ್ದು ತಲೆಮಾರುಗಳ ಕಾಲ ಒಂದೇ ಜಾಗದಲ್ಲಿ ಮರಿ ಬೆಳೆಸಿ ಲೆಕ್ಕ ಇಡುವ ಏರ್ಪಾಡು.

ಆ ಕೊರತೆಗೆ ಉತ್ತರವೇ ಕುಣಿಗಲ್. ಬೆಂಗಳೂರಿನಿಂದ ಮಂಗಳೂರು ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ಹೋದರೆ ಸಿಗುವ ಈ ಸ್ಟಡ್ ಫಾರ್ಮ್‌ನ ಹುಟ್ಟನ್ನು ಜನ ಟಿಪ್ಪು ಸುಲ್ತಾನನ ಕಾಲಕ್ಕೆ ಒಯ್ಯುತ್ತಾರೆ. ದಂಡಿಗೆ ಬೇಕಾದ ಕುದುರೆಗಳನ್ನು ರೇವಿನಲ್ಲಿ ಕೊಳ್ಳುವ ಬದಲು ಇಲ್ಲೇ ಬೆಳೆಸುವ ಯತ್ನ ಅದು. ಬಳಿಕ ಮೈಸೂರು ಸಂಸ್ಥಾನ, ಅನಂತರ ರಾಜ್ಯದ ಪಶುಸಂಗೋಪನೆ ಇಲಾಖೆ ಅದನ್ನು ನಡೆಸಿತು. ಸ್ವಾತಂತ್ರ್ಯದ ಮೇಲೆ ಹೊರದೇಶದಲ್ಲಿ ಹುಟ್ಟಿದ ಕುದುರೆಗಳನ್ನು ತಂದು ಇಲ್ಲಿ ಓಡಿಸಲು ತಡೆ ಬಿತ್ತು. ಓಡುವುದೇನಿದ್ದರೂ ಇಲ್ಲಿ ಹುಟ್ಟಿದ ಮರಿ. ಆಗ ಕುಣಿಗಲ್ಲಿನಂಥ ಜಾಗದ ಬೆಲೆ ತಿಳಿಯಿತು. 1992ರಲ್ಲಿ ಸರ್ಕಾರ ಅದನ್ನು ವಿಜಯ್ ಮಲ್ಯ ಅವರ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಕಂಪನಿಗೆ 30 ವರ್ಷದ ಗುತ್ತಿಗೆಗೆ ಕೊಟ್ಟಿತು. ಐರ್ಲೆಂಡಿನ ಬರ್ಡನ್ ಆಫ್ ಪ್ರೂಫ್ ಎಂಬ ಬೀಜದ ಕುದುರೆ ಅಲ್ಲಿದ್ದು, ಅದರ ಮಕ್ಕಳು ದೇಶದ ಟ್ರ್ಯಾಕುಗಳಲ್ಲೆಲ್ಲ ಗೆದ್ದವು.

ಕುಣಿಗಲ್ಲಿನ ಹಳೆಯ ಮರಗಳ ಕೆಳಗೆ ತಾಯಿಮರಿಗಳು ಮೇಯುವುದನ್ನು ನೋಡಿದವರಿಗೆ ಈ ವಿದ್ಯೆ ಎಷ್ಟು ನಿಧಾನದ್ದು ಎಂದು ತಿಳಿಯುತ್ತದೆ. ಹೊಟ್ಟೆಯಲ್ಲಿ 11 ತಿಂಗಳು. ಹುಟ್ಟಿದ ಒಂದೆರಡು ಗಂಟೆಯಲ್ಲಿ ಮರಿ ಎದ್ದು ನಿಲ್ಲಬೇಕು, ಗಿಣ್ಣುಹಾಲು ಕುಡಿಯಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ಆಳು, ವೈದ್ಯ ಇಬ್ಬರಿಗೂ ನಿದ್ದೆಯಿಲ್ಲ. ಐದಾರು ತಿಂಗಳಿಗೆ ತಾಯಿಯಿಂದ ಬಿಡಿಸುವುದು, ಒಂದೂವರೆ ವರ್ಷಕ್ಕೆ ಕಡಿವಾಣ, ಜೀನು ಅಭ್ಯಾಸ ಮಾಡಿಸುವುದು, ಆಮೇಲೆ ಟ್ರೈನರ್ ಕೈಗೆ. ಇಂಥ ಕೈಗಳಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. ರಶೀದ್ ಬೈರಾಮ್‌ಜಿ ಅವರು ತರಬೇತಿ ಕೊಟ್ಟ ಸ್ಕ್ವಾಂಡರರ್ 19 ಓಟಗಳಲ್ಲಿ 18 ಗೆದ್ದು, 1970ರ ದಶಕದ ಭಾರತೀಯ ರೇಸಿಂಗ್‌ನ ದಂತಕತೆಯಾಯಿತು.

ಟ್ರೈನರು, ಜಾಕಿ, ಮಾಲೀಕ, ಇವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸನ ಫೋಟೊ ಬರುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಲಾಯದ ಬಾಗಿಲು ತೆಗೆಯುವವನು ಅವನು. ಕುದುರೆ ರಾತ್ರಿ ಮೇವು ಬಿಟ್ಟಿದೆಯೇ, ಲದ್ದಿ ಹೇಗಿದೆ, ಕಾಲು ಬಿಸಿಯಿದೆಯೇ ಎಂದು ಮೊದಲು ತಿಳಿಯುವುದು ಅವನ ಅಂಗೈಗೆ. ನನ್ನ ಸ್ಟೆತಾಸ್ಕೋಪ್ ಹಿಡಿಯದ ಹೊಟ್ಟೆಶೂಲೆಯನ್ನು ಸಾಯಿಸ್ ಹಿಡಿದದ್ದುಂಟು, ಕುದುರೆ ತನ್ನ ಪಕ್ಕೆಯನ್ನು ತಿರುಗಿ ನೋಡಿತು ಎಂಬ ಒಂದೇ ಗುರುತಿನಿಂದ. ಕುದುರೆಗೆ ವಾಂತಿ ಮಾಡಲು ಆಗದು. ಹೊಟ್ಟೆ ಉಬ್ಬಿದರೆ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಲಾಳ ಹೊಡೆಯುವವನ ಕೈಯೂ ಹಾಗೆಯೇ. ತಿಂಗಳಿಗೊಮ್ಮೆ ಗೊರಸು ಕೆತ್ತಿ, ಓಟಕ್ಕೆ ಹಗುರ ಅಲ್ಯೂಮಿನಿಯಂ ಲಾಳ ಕೂರಿಸುವಾಗ ಮೊಳೆ ಒಂದು ಕಡ್ಡಿಯಷ್ಟು ಒಳಗೆ ಸರಿದರೂ ಕುದುರೆ ಕುಂಟುತ್ತದೆ. ಈ ವಿದ್ಯೆ ತಂದೆಯಿಂದ ಮಗನಿಗೆ ಬಂದದ್ದು, ಎಲ್ಲೂ ಬರೆದಿಟ್ಟಿಲ್ಲ. ಮಕ್ಕಳು ಇಂದು ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯುವುದೂ ನ್ಯಾಯವೇ. ಹಿರಿಯರು ಇರುವಾಗಲೇ ಅವರ ಬಾಯಿಂದ ಇದನ್ನು ಕನ್ನಡದಲ್ಲಿ ಬರೆಸಿಕೊಳ್ಳುವುದು ನಮ್ಮ ಪಶುವೈದ್ಯ ವಿಶ್ವವಿದ್ಯಾಲಯದ ಕೆಲಸ ಎಂದು ನಾನು ಹಲವು ವೇದಿಕೆಗಳಲ್ಲಿ ಹೇಳಿದ್ದೇನೆ.

ಬಾಜಿಯ ಮತ್ತು ಜಾಗದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1996ರಲ್ಲಿ ಸುಪ್ರೀಂ ಕೋರ್ಟ್, ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ, ಬರಿಯ ಅದೃಷ್ಟದ್ದಲ್ಲ ಎಂದಿತು. ಬಾಜಿಯ ಪೂರ್ತಿ ಮೊತ್ತದ ಮೇಲೆ ನೂರಕ್ಕೆ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರಿನಿಂದ ನೂರಕ್ಕೆ 40 ಆಯಿತು. ಬೆಂಗಳೂರು ರೇಸ್‌ಕೋರ್ಸಿನ ಗುತ್ತಿಗೆ 2009ರ ಕೊನೆಗೆ ಮುಗಿದಂದಿನಿಂದ ಅದನ್ನು ಊರ ಹೊರಗೆ ಸಾಗಿಸುವ ಮಾತು ನಡೆದೇ ಇದೆ. ಕುಣಿಗಲ್ಲಿನ ನಾಲ್ಕು ನೂರಕ್ಕೂ ಹೆಚ್ಚು ಎಕರೆಯ ಮೇಲೂ ಆಗಾಗ ಬೇರೆ ಯೋಜನೆಗಳ ಕಣ್ಣು ಬೀಳುತ್ತದೆ. ರೇಸ್‌ಕೋರ್ಸ್ ಊರ ನಡುವೆಯೇ ಇರಬೇಕೆಂಬ ಹಟ ನನಗಿಲ್ಲ. ಟ್ರ್ಯಾಕನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಕುದುರೆಯ ಮರಿ ಬೆಳೆಸಿ ಪಳಗಿದ ನೆಲವನ್ನು ಹಾಗೆ ಎತ್ತಿ ಸಾಗಿಸಲು ಬರುವುದಿಲ್ಲ. ಕುಣಿಗಲ್ ಹೋದರೆ ಮತ್ತೆ ಬಾರದು.

ಈಗ ಕೊನೆಯ ಪ್ರಶ್ನೆ: ಓಟ ಮುಗಿದ ಕುದುರೆ ಎಲ್ಲಿಗೆ ಹೋಗುತ್ತದೆ?

ಥರೋಬ್ರೆಡ್ 25 ವರ್ಷ, ಚೆನ್ನಾಗಿ ನೋಡಿಕೊಂಡರೆ ಅದರ ಮೇಲೂ ಬದುಕುತ್ತದೆ. ಓಡುವುದು ಹೆಚ್ಚೆಂದರೆ ಆರೇಳನೆಯ ವಯಸ್ಸಿನವರೆಗೆ. ಮಿಕ್ಕ ಹದಿನೆಂಟು ಇಪ್ಪತ್ತು ವರ್ಷ? ಗೆದ್ದ ಹೆಣ್ಣುಗಳು ಸ್ಟಡ್ ಫಾರ್ಮಿಗೆ ಮರಳುತ್ತವೆ. ಕೆಲವು ಸವಾರಿ ಶಾಲೆಗಳಿಗೆ ಹೋಗುತ್ತವೆ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಲ್ಲಿ ಥರೋಬ್ರೆಡ್‌ಗಳಿವೆ. ದಸರೆಯ ಮೆರವಣಿಗೆಯಲ್ಲಿ ನೀವು ಚಪ್ಪಾಳೆ ತಟ್ಟಿದ ಕುದುರೆಗಳಲ್ಲಿ ಈ ವಂಶದವೂ ಇರುತ್ತವೆ. ಅವು ಪುಣ್ಯ ಮಾಡಿದವು. ಉಳಿದವು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಮುಂಗಾಲಿನ ರಜ್ಜು ಹರಿದ ಒಂದು ಕಂದು ಹೆಣ್ಣು ಕುದುರೆಗೆ ನಾನು ತಿಂಗಳುಗಟ್ಟಲೆ ಪಟ್ಟಿ ಕಟ್ಟಿದ್ದೆ. ಅದರ ಮುತ್ತಜ್ಜಿಯ ಹೆಸರನ್ನೂ ನಾನು ಪುಸ್ತಕ ನೋಡಿ ಹೇಳಬಲ್ಲವನಾಗಿದ್ದೆ. ಮುಂದೊಂದು ದಿನ ನಗರದ ಹೊರವಲಯದ ಮದುವೆ ದಿಬ್ಬಣದಲ್ಲಿ, ಬ್ಯಾಂಡ್ ಮತ್ತು ಪಟಾಕಿಯ ನಡುವೆ, ಅದೇ ಕಾಲಿನಲ್ಲಿ ಕುಂಟುತ್ತ ಬರುವಾಗ ಅದರ ಗುರುತು ಸಿಕ್ಕಿತು. ನಡೆಸುತ್ತಿದ್ದವನಿಗೆ ಅದರ ಹೆಸರೂ ಗೊತ್ತಿರಲಿಲ್ಲ, ವಯಸ್ಸೂ ಗೊತ್ತಿರಲಿಲ್ಲ. ಅವನನ್ನು ನಾನು ದೂರಲಾರೆ. ಹೇಳುವವರು ಯಾರೂ ಇರಲಿಲ್ಲ.

ಮುನ್ನೂರು ವರ್ಷದ ಹಿಂದಿನ ಹಿರಿಯರ ಲೆಕ್ಕವನ್ನು ಸಾಲು ಸಾಲಾಗಿ ಇಟ್ಟವರು, ಕಣ್ಣೆದುರಿನ ಪ್ರಾಣಿಯ ಕೊನೆಯ ಇಪ್ಪತ್ತು ವರ್ಷವನ್ನು ಬರೆಯದೆ ಬಿಟ್ಟಿದ್ದೇವೆ. ಇದು ಅಸಾಧ್ಯದ ಕೆಲಸವಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2016ರಿಂದ ಬಹುಮಾನದ ಹಣದ ನೂರಕ್ಕೆ 1 ಭಾಗವನ್ನು ನಿವೃತ್ತ ಕುದುರೆಗಳ ಯೋಗಕ್ಷೇಮಕ್ಕೆ ತೆಗೆದಿಡುತ್ತಿದ್ದಾರೆ. ನಮ್ಮಲ್ಲೂ ಕುದುರೆಗೆ ಪಾಸ್‌ಪೋರ್ಟ್ ಇದೆ, ಮೈಯೊಳಗೆ ಮೈಕ್ರೋಚಿಪ್ ಇದೆ. ಬೇಕಿರುವುದು ಮಾರಾಟವಾದಾಗಲೆಲ್ಲ ಹೊಸ ಒಡೆಯನ ಹೆಸರು, ಊರು, ಕೊನೆಗೆ ಸಾವಿನ ದಿನ ಮತ್ತು ಕಾರಣ ಏರುವ ಒಂದು ಪುಸ್ತಕ, ಯಾರು ಬೇಕಾದರೂ ತೆರೆದು ನೋಡಬಹುದಾದ ಪುಸ್ತಕ. ಬೆಂಗಳೂರು ಮತ್ತು ಮೈಸೂರಿನ ಎರಡು ಕ್ಲಬ್‌ಗಳು, ಪಶುಸಂಗೋಪನೆ ಇಲಾಖೆ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಒಂದೆಡೆ ಕೂತರೆ ಮುಂದಿನ ಋತುವಿನಿಂದಲೇ ಇದನ್ನು ಶುರುಮಾಡಬಹುದು. ಕುಣಿಗಲ್ಲಿನ ಒಂದು ಅಂಚಿನಲ್ಲಿ ಐವತ್ತು ಎಕರೆ ಹುಲ್ಲುಗಾವಲನ್ನು ನಿವೃತ್ತ ಕುದುರೆಗಳಿಗೆ ಮೀಸಲಿಟ್ಟರೆ ಸರ್ಕಾರಕ್ಕೆ ಅದು ಹೊರೆಯಾಗದು.

ಇಲ್ಲಿ ಕೂತಿರುವ ಜವಳಿ ವ್ಯಾಪಾರಿಗಳಲ್ಲಿ ಹಲವರು ಮದುವೆಯ ಮನೆಗಳಿಗೆ ಸೀರೆ, ಪೇಟ ಒದಗಿಸುವವರು. ದಿಬ್ಬಣಕ್ಕೆ ಕುದುರೆ ಎಲ್ಲಿ ಸಿಗುತ್ತದೆ ಎಂದು ಜನ ನಿಮ್ಮನ್ನೇ ಕೇಳುತ್ತಾರೆ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಕುದುರೆ ಗೊತ್ತುಮಾಡುವ ಮೊದಲು ಅದನ್ನು ಹತ್ತು ಹೆಜ್ಜೆ ನಡೆಸಿ ನೋಡಲು ಹೇಳಿ, ಕುಂಟಿದರೆ ಬೇಡವೆನ್ನಿ. ನೀರು ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ. ಅದರ ಹೆಸರನ್ನೂ ವಯಸ್ಸನ್ನೂ ಕೇಳಿ ಬರೆದುಕೊಳ್ಳಿ.